ಒಂದು ಫೈಲು, ಎರಡು ಹುಟ್ಟಿದ ದಿನ

ಕಾಗದದ ಮೇಲೆ ನನ್ನ ಹುಟ್ಟಿದ ದಿನ ಜೂನ್ ಒಂದು. ನಿಜವಾಗಿ ನಾನು ಹುಟ್ಟಿದ್ದು ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ. ಹಂಡೆಗೆ ಸುಣ್ಣದ ಗೆರೆ ಎಳೆಯುತ್ತಿದ್ದ ಅಜ್ಜಿ ಅದನ್ನು ಅರ್ಧಕ್ಕೇ ಬಿಟ್ಟು ಒಳಗೆ ಓಡಿದಳಂತೆ. ಶಾಲೆಗೆ ಸೇರಿಸಲು ಹೋದಾಗ ಹೆಡ್‌ಮಾಸ್ತರರು ಅಪ್ಪನನ್ನು ಒಂದು ಮಾತೂ ಕೇಳದೆ ಜೂನ್ ಒಂದು ಎಂದು ಬರೆದುಕೊಂಡರು. ಶಾಲೆ ಶುರುವಾಗುವ ತಿಂಗಳಿಗೆ ವಯಸ್ಸು ಸರಿಹೊಂದಬೇಕಲ್ಲ! ಧಾರವಾಡದಲ್ಲಿ ನನ್ನ ಕ್ಲಾಸಿನ ಅರ್ಧ ಮಕ್ಕಳು ಅದೇ ದಿನ ಹುಟ್ಟಿದವರು. ಈಗ ನ್ಯೂಜೆರ್ಸಿಯಲ್ಲಿ ಪ್ರತಿ ಜೂನ್ ಒಂದಕ್ಕೆ ಬ್ಯಾಂಕಿನವರು, ಹಲ್ಲಿನ ಡಾಕ್ಟರು, ಔಷಧಿ ಅಂಗಡಿಯವರು ನನಗೆ ಶುಭಾಶಯ ಕಳಿಸುತ್ತಾರೆ. ಬೇರೆ ಯಾರದೋ ಟಪಾಲನ್ನು ತೆರೆದ ಹಾಗೆ ಮುಜುಗರವಾಗುತ್ತದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾನು ಮಾಡಿದ ತಪ್ಪು ಇಲ್ಲಿಂದಲೇ ಶುರುವಾಯಿತು.

ನನ್ನ ಕೆಲಸ ನೆವಾರ್ಕಿನಲ್ಲಿ, ಮೈಸೂರಿನ ಕಡೆಯ ಒಬ್ಬ ಇಮಿಗ್ರೇಶನ್ ವಕೀಲರ ಕಚೇರಿಯಲ್ಲಿ. ವೀಸಾಕ್ಕೆ, ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವವರ ಕಾಗದಪತ್ರ ಜೋಡಿಸಿ, ಫಾರ್ಮು ತುಂಬಿ, ವಕೀಲರ ಸಹಿಗೆ ಇಡುವುದು. ನಮ್ಮ ಹೆಚ್ಚಿನ ಕಕ್ಷಿದಾರರು ಭಾರತದವರು, ಮತ್ತು ಭಾರತದವರ ಕಾಗದಗಳು ಒಂದಕ್ಕೊಂದು ಹೊಂದುವುದೇ ಅಪರೂಪ. ಒಂದರಲ್ಲಿ ಊರಿನ ಹೆಸರು ಅಡ್ಡಹೆಸರಾಗಿರುತ್ತದೆ, ಇನ್ನೊಂದರಲ್ಲಿ ಅಪ್ಪನ ಹೆಸರು. ಎಷ್ಟೋ ಹಿರಿಯರ ಜನನ ನೋಂದಣಿಯೇ ಆಗಿರುವುದಿಲ್ಲ. ಅದಕ್ಕೆ ಒಂದು ದಾರಿ ಇದೆ. ದಾಖಲೆ ಸಿಗುವುದಿಲ್ಲ ಎಂದು ನಗರಸಭೆಯಿಂದ ಒಂದು ಪತ್ರ, ‘ಈಕೆ ಹುಟ್ಟಿದ್ದನ್ನು ನಾನು ಬಲ್ಲೆ’ ಎಂದು ಇಬ್ಬರು ಹಿರಿಯರ ಅಫಿಡವಿಟ್. ನಮ್ಮ ದೇಶದ ಈ ಪದ್ಧತಿ ಇಲ್ಲಿಯ ಅಧಿಕಾರಿಗಳಿಗೂ ಗೊತ್ತು, ಒಪ್ಪಿಕೊಳ್ಳುತ್ತಾರೆ. ಅಂಥ ಅಫಿಡವಿಟ್ ಬರೆಯುವುದರಲ್ಲಿ ನನ್ನದು ಪಳಗಿದ ಕೈ. ಕಚೇರಿಯಲ್ಲಿ ನನಗೆ ‘ಅಫಿಡವಿಟ್ ಆಂಟಿ’ ಎಂಬ ಹೆಸರೇ ಇತ್ತು. ಕೇಳಿದರೆ ಸಿಟ್ಟು ಬಂದವರ ಹಾಗೆ ಮಾಡುತ್ತಿದ್ದೆ, ಒಳಗೊಳಗೆ ಉಬ್ಬುತ್ತಿದ್ದೆ.

ಆ ಹೆಂಗಸು ಇರಾನಿನವರು. ಇಸ್ಫಹಾನಿನಿಂದ ಓದಲು ಬಂದು, ಪ್ರಿನ್ಸ್‌ಟನ್ ಹತ್ತಿರದ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿ ನೆಲೆ ನಿಂತವರು. ಮನೆ ಹ್ಯಾರಿಸನ್ನಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನಿಂದ ಎರಡು ಬೀದಿ ಆಚೆ. ಇಲ್ಲಿ ಅವರನ್ನು ಮಗಳು ಎಂದೇ ಕರೆಯುತ್ತೇನೆ, ಫೈಲಿನಲ್ಲಿಯೂ ಅವರ ಸ್ಥಾನ ಅದೇ. ಅವರ ಪೌರತ್ವದ ಅರ್ಜಿ ಮಾಡಿದ್ದೂ ನಾವೇ. ನಾಗರಿಕರಷ್ಟೇ ಮಾಡುವ ಕೋರ್ಟಿನ ಜ್ಯೂರಿ ಡ್ಯೂಟಿಗೆ ಕರೆ ಬಂತೆಂದು ಖುಷಿಪಟ್ಟು ಫೋನ್ ಮಾಡಿದ ಒಬ್ಬರೇ ಒಬ್ಬರನ್ನು ನಾನು ಈ ದೇಶದಲ್ಲಿ ಕಂಡಿದ್ದೇನೆ, ಅದು ಈ ಮಗಳು. ಬಂದ ಹೊಸದರಲ್ಲಿ ಯಾವ ದೇಶ ಎಂದು ಯಾರಾದರೂ ಕೇಳಿದರೆ ಪರ್ಷಿಯನ್ ಎಂದು ಹೇಳಿ ಮಾತು ತಿರುಗಿಸುತ್ತಿದ್ದರಂತೆ. ಪೌರತ್ವದ ಪ್ರಮಾಣ ಸ್ವೀಕರಿಸಿದ ದಿನದಿಂದ ಇರಾನ್ ಎಂದೇ ಹೇಳುತ್ತೇನೆ ಎಂದಿದ್ದರು.

ಆಮೇಲೆ ತಾಯಿಯನ್ನು ಕರೆಸಿಕೊಳ್ಳುವ ಅರ್ಜಿಗೆ ಬಂದರು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇಲ್ಲಿ ಎಲ್ಲಾ ಆಯ್ತು. ಓಟು ಹಾಕಿದೆ, ಮನೆ ಮಾಡಿದೆ. ಆದ್ರೂ ಹೋಟೆಲಲ್ಲಿ ಇದ್ದ ಹಾಗೇ ಇದೆ. ಅಮ್ಮ ಬಂದು ನನ್ನ ಅಡುಗೆಮನೆ ನೋಡಿ, ಡಬ್ಬಿ ಹೀಗಾ ಇಡೋದು ಅಂತ ಬೈಬೇಕು. ಆಗ ಅದು ನನ್ನ ಮನೆ" ಎಂದರು.

ತಾಯಿಗೆ ಎಪ್ಪತ್ತು ದಾಟಿತ್ತು, ಮಂಡಿ ನೋವು. ಇಸ್ಫಹಾನಿನಲ್ಲಿ ಮಗನ ಸಂಸಾರದ ಜೊತೆ ಇದ್ದರು. ಈ ಮಗ ನಮ್ಮ ಕಕ್ಷಿದಾರರಿಗೆ ತಮ್ಮ.

ಕಾಗದ ಜೋಡಿಸತೊಡಗಿದೆ. ಇರಾನಿನವರ ಬಳಿ ಹುಟ್ಟಿನಿಂದ ಸಾವಿನವರೆಗೆ ಒಂದು ಪುಟ್ಟ ಪುಸ್ತಕ ಇರುತ್ತದೆ, ಶನಾಸ್‌ನಾಮೆ ಎಂದು. ಜನನ, ಮದುವೆ, ಮಕ್ಕಳು, ಮರಣ ಎಲ್ಲವೂ ಅದರಲ್ಲೇ. ಧಾರವಾಡದ ಕೋರ್ಟಿನ ಸುತ್ತ ಪಂಚನಾಮೆ, ವಕಾಲತ್ತುನಾಮೆ ಕೇಳುತ್ತ ಬೆಳೆದ ನನಗೆ ಆ ಹೆಸರು ನೆಂಟರ ಮನೆಯದೆನಿಸಿ ಸಲಿಗೆ ಬಂತು. ಸಲಿಗೆ ಸ್ವಲ್ಪ ಜಾಸ್ತಿಯೇ ಆಯಿತು.

ತಾಯಿಯ ಪುಸ್ತಕದಲ್ಲಿ ಹುಟ್ಟಿದ ದಿನ ಅವರ ಪಂಚಾಂಗದ ಬೇಸಿಗೆಯ ಕೊನೆಯ ದಿನ, ನಮ್ಮ ಲೆಕ್ಕಕ್ಕೆ ಸೆಪ್ಟೆಂಬರ್. ಪಾಸ್‌ಪೋರ್ಟಿನಲ್ಲೂ ಅದೇ. ಆದರೆ ಮಗಳು ತುಂಬಿಕೊಟ್ಟ ನಮ್ಮ ಪ್ರಶ್ನಾವಳಿಯಲ್ಲಿ ಡಿಸೆಂಬರ್ ಎಂದಿತ್ತು. ಕೇಳಿದೆ.

"ಅದು ನಿಜವಾದ ದಿನ. ವರ್ಷದ ಅತಿ ಉದ್ದದ ರಾತ್ರಿಯನ್ನ ನಾವು ಹಬ್ಬ ಮಾಡ್ತೀವಿ, ದಾಳಿಂಬೆ ಬಿಡಿಸಿಕೊಂಡು ಕೂರ್ತೀವಿ. ಅಮ್ಮ ಹುಟ್ಟಿದ್ದು ಅವತ್ತು. ಕೈ ತಪ್ಪಿ ಅದನ್ನೇ ಬರೆದೆ. ಸೆಪ್ಟೆಂಬರ್ ಹಾಕಿ."

ಅಲ್ಲಿಗೆ ಬಿಡಬೇಕಿತ್ತು. ಫಾರ್ಮಿನಲ್ಲಿ ಸೆಪ್ಟೆಂಬರ್ ಬರೆದು ಮುಂದಿನ ಸಾಲಿಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಬಿಡಲಿಲ್ಲ, ಏಕೆ ಎಂದು ಕೇಳಿದೆ. ಅವರು ಅಲ್ಲಿಯೇ ಕುಳಿತು ತಾಯಿಗೆ ವಿಡಿಯೋ ಕಾಲ್ ಮಾಡಿದರು. ಮೂರು ಸಲ ಕಡಿದು ನಾಲ್ಕನೆಯ ಸಲ ಹತ್ತಿದ ಕಾಲ್‌ನಲ್ಲಿ ಬಿಳಿ ತಲೆವಸ್ತ್ರದ ಮುಖವೊಂದು ಕಂಡಿತು. ಮಗಳ ಬಾಯಿಂದ ಆಕೆಯ ಕಥೆ ಕೇಳಿದೆ. ಅಲ್ಲಿ ಶಾಲೆ ಶುರುವಾಗುವುದು ಬೇಸಿಗೆ ಮುಗಿದ ಮರುದಿನ. ಚಳಿಗಾಲದಲ್ಲಿ ಹುಟ್ಟಿದ ಮಗುವಿಗೆ ಒಂದು ವರ್ಷ ಹಾಳಾಗುತ್ತದೆ. ಹೆಣ್ಣುಮಗಳು ಬೇರೆ, ಒಂದು ವರ್ಷ ತಡವಾದರೆ ಯಾರಾದರೂ ಶಾಲೆಯೇ ಬೇಡ ಎಂದಾರು. ಹಾಗೆಂದು ಆಕೆಯ ತಂದೆ ನೋಂದಣಿ ಗುಮಾಸ್ತನಿಗೆ ಹೇಳಿ ಬೇಸಿಗೆಯ ಕೊನೆಯ ದಿನ ಬರೆಸಿದ್ದರು.

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. "ನನ್ನದೂ ಹಾಗೇ! ನನ್ನದೂ ಹಾಗೇ!" ಎಂದು ಜೂನ್ ಒಂದರ ಪುರಾಣ ಬಿಚ್ಚಿದೆ. ಮಗಳು ಅನುವಾದ ಮಾಡಿದರು. ಆ ಕಡೆ ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕರು. ಆಮೇಲೆ ಏನೋ ಕೇಳಿದರು.

"ನಿಮ್ಮ ಅಮೆರಿಕದ ಕಾಗದದಲ್ಲಾದರೂ ನನ್ನ ನಿಜವಾದ ದಿನ ಬರೀತಾರಾ ಅಂತ ಕೇಳ್ತಿದ್ದಾಳೆ. ತಮಾಷೆಗೆ" ಎಂದರು ಮಗಳು.

ತಮಾಷೆಯನ್ನು ತಮಾಷೆಯಾಗಿಯೇ ಬಿಡುವ ಬುದ್ಧಿ ನನಗಿರಲಿಲ್ಲ. ಬರೆಯೋಣ ಎಂದೆ. ಫಾರ್ಮಿನಲ್ಲಿ ಡಿಸೆಂಬರಿನ ದಿನ, ಜೊತೆಗೆ ಎರಡು ಅಫಿಡವಿಟ್, ಒಂದು ಆಕೆಯ ಅಕ್ಕನದು, ಇನ್ನೊಂದು ಹಳೆಯ ನೆರೆಯವರದು.

ಮಗಳ ಮುಖ ಸಣ್ಣದಾಯಿತು. "ನಮ್ಮಲ್ಲಿ ಪುಸ್ತಕದಲ್ಲಿ ಏನಿದೆಯೋ ಅದೇ ಸತ್ಯ. ಅದರ ಮುಂದೆ ಯಾರ ಮಾತೂ ನಡೆಯಲ್ಲ. ತೊಂದರೆ ಆಗಲ್ವಾ?"

"ಇಂಥವು ನೂರು ಮಾಡಿದ್ದೀನಿ. ನಾನಿದ್ದೀನಲ್ಲ" ಎಂದೆ.

ನಾನು ಮಾಡಿದ್ದ ನೂರೂ ದಾಖಲೆ ಇಲ್ಲದವರವು. ಈ ತಾಯಿಗೆ ದಾಖಲೆ ಇತ್ತು. ಇಲ್ಲದ ಕಡೆ ಅಫಿಡವಿಟ್ ಊರುಗೋಲಾಗುತ್ತದೆ, ಗಟ್ಟಿ ದಾಖಲೆ ಇರುವ ಕಡೆ ಅದೇ ಕಾಲಿಗೆ ತೊಡರುತ್ತದೆ. ಈ ವ್ಯತ್ಯಾಸ ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಆ ದಿನ ನಾನು ಫಾರ್ಮು ತುಂಬುತ್ತಿರಲಿಲ್ಲ, ಹೆಡ್‌ಮಾಸ್ತರರ ಮೇಲಿನ ನನ್ನ ಹಳೆಯ ಸೇಡನ್ನು ಇನ್ನೊಬ್ಬರ ಫೈಲಿನಲ್ಲಿ ತೀರಿಸಿಕೊಳ್ಳುತ್ತಿದ್ದೆ. ವಕೀಲರು ನನ್ನ ಮೇಲಿನ ನಂಬಿಕೆಯಿಂದ ಕಣ್ಣಾಡಿಸಿ ಸಹಿ ಹಾಕಿದರು.

ಅರ್ಜಿ ಮಂಜೂರಾಯಿತು. ಆ ಹಂತದಲ್ಲಿ ಅಧಿಕಾರಿಗಳು ನೋಡುವುದು ಇವರು ನಿಜವಾಗಿ ತಾಯಿಮಗಳೇ ಎಂಬುದನ್ನು, ಅದರಲ್ಲಿ ಅನುಮಾನವೇ ಇರಲಿಲ್ಲ. ನಾನು ಇನ್ನಷ್ಟು ಬೀಗಿದೆ. ಎರಡನೆಯ ಹಂತದಲ್ಲಿ ವೀಸಾ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಬೇಕು, ಅಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಬೇಕು. ಸೆಪ್ಟೆಂಬರ್ ಬರೆದೆ. ಹೀಗೆ ಒಂದೇ ಫೈಲಿನಲ್ಲಿ ಒಬ್ಬರೇ ಹೆಂಗಸು ಎರಡು ಸಲ ಹುಟ್ಟಿದಂತಾಯಿತು. ಆಗಲಾದರೂ ನನ್ನ ಕೈ ನಿಲ್ಲಬೇಕಿತ್ತು. ಅಫಿಡವಿಟ್ ಇದೆಯಲ್ಲ ಎಂದುಕೊಂಡು ಮುಂದಿನ ಪುಟಕ್ಕೆ ಹೋದೆ.

ಇರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿ ಇಲ್ಲ. ಸಂದರ್ಶನಕ್ಕೆ ಇನ್ನೊಂದು ದೇಶಕ್ಕೆ ಹೋಗಬೇಕು. ಇವರಿಗೆ ಅರ್ಮೇನಿಯಾದ ಯೆರೆವಾನ್ ಬಂತು. ಆ ತಮ್ಮನೇ ಕೆಲಸಕ್ಕೆ ರಜೆ ಹಾಕಿ, ಮಂಡಿ ಮಡಿಸಲಾಗದ ತಾಯಿಯನ್ನು ಬಸ್ಸಿನಲ್ಲಿ ಎರಡು ದಿನ ಕೂರಿಸಿಕೊಂಡು ಕರೆದೊಯ್ದ. ಸಂದರ್ಶನ ಹತ್ತು ನಿಮಿಷ. ಅಧಿಕಾರಿ ಮಗನ ಸೈನ್ಯದ ಸೇವೆಯ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಕೊನೆಗೆ ಒಂದು ಚೀಟಿ ಕೊಟ್ಟರು: ಹೆಚ್ಚಿನ ಪರಿಶೀಲನೆಯಲ್ಲಿದೆ, ಕಾಯಿರಿ.

ಅಲ್ಲಿ ಗಂಡುಮಕ್ಕಳಿಗೆ ಸುಮಾರು ಎರಡು ವರ್ಷ ಸೈನ್ಯ ಕಡ್ಡಾಯ. ಯಾರು ಯಾವ ಪಡೆಗೆ ಎಂಬುದು ಅವರ ಕೈಯಲ್ಲಿ ಇರುವುದಿಲ್ಲ. ತಮ್ಮನ ಪಾಲಿಗೆ ಬಂದದ್ದು ಅಮೆರಿಕದ ಕಪ್ಪುಪಟ್ಟಿಯಲ್ಲಿರುವ ಪಡೆ. ಅಲ್ಲಿ ಅವನು ಎರಡು ವರ್ಷ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದು ಬಂದಿದ್ದ. ಆ ಎರಡು ಪ್ರಶ್ನೆಗಳಿಂದ ಮಗಳು, ವೀಸಾ ನಿಂತದ್ದು ತಮ್ಮನಿಂದಲೇ ಎಂಬ ತೀರ್ಮಾನಕ್ಕೆ ಬಂದುಬಿಟ್ಟರು.

ಸಂದರ್ಶನ ಮುಗಿದು ಕೆಲವು ವಾರಗಳಾದ ಮೇಲೆ ನಮ್ಮ ಕಚೇರಿಗೆ ಒಂದು ಇಮೇಲ್ ಬಂತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದನ್ನು ತೆರೆದೆ. ನಾಲ್ಕೇ ಸಾಲು. ಮೂಲ ಅರ್ಜಿಯಲ್ಲಿರುವ ಹುಟ್ಟಿದ ದಿನ ಜನನ ಪುಸ್ತಕಕ್ಕೂ ಪಾಸ್‌ಪೋರ್ಟಿಗೂ ಹೊಂದುತ್ತಿಲ್ಲ. ಅರ್ಜಿದಾರರ ಗುರುತನ್ನು ಹೊಸದಾಗಿ ಪರಿಶೀಲಿಸಬೇಕಾಗಿದೆ. ನಾಗರಿಕ ನೋಂದಣಿ ಕಚೇರಿಯ ದೃಢೀಕೃತ ಉದ್ಧರಣ, ಎಂದರೆ ಮೂಲ ನೋಂದಣಿಯ ನಕಲು, ಕಳಿಸಿ. ಮಗನ ಸುದ್ದಿ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಕಾಫಿ ಹಾಗೇ ಆರಿತು. ನನ್ನ ಎರಡು ಅಫಿಡವಿಟ್‌ಗಳ ಬಗ್ಗೆ ಇಮೇಲಿನಲ್ಲಿ ಒಂದು ಮಾತೂ ಇರಲಿಲ್ಲ, ಅವು ಲೆಕ್ಕಕ್ಕೇ ಇರಲಿಲ್ಲ. ಸರಿಪಡಿಸಿದ ಫಾರ್ಮು, ನಮ್ಮ ಕಡೆಯ ವಿವರಣೆ ಅಂದೇ ಕಳಿಸಿದೆ. ನೋಂದಣಿ ಉದ್ಧರಣ ಬೇಕು ಎಂದು ಮಗಳಿಗೆ ಫೋನ್ ಮಾಡಿದೆ.

"ಯಾಕಂತೆ?" ಎಂದು ಕೇಳಿದರು.

"ಮಾಮೂಲಿ ಕಾಗದ. ಎಲ್ಲರಿಗೂ ಕೇಳ್ತಾರೆ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ಈಗಲೂ ನಾಚಿಕೆಯಾಗುತ್ತದೆ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಒಂದೇ ಯೋಚನೆ. ಉದ್ಧರಣ ಬರುತ್ತದೆ, ಕಳಿಸುತ್ತೇನೆ, ವೀಸಾ ಆಗುತ್ತದೆ, ಆಮೇಲೆ ಹೇಳಿದರೂ ನಡೆದೀತು, ಹೇಳದಿದ್ದರೂ ನಡೆದೀತು.

ಮುಂದಿನ ವಾರ ಅವರು ಕಚೇರಿಗೆ ಬಂದರು. ನನ್ನ ಮೇಜಿನ ಎದುರು ಕುಳಿತು, ಕೋಟನ್ನೂ ತೆಗೆಯದೆ ಅತ್ತರು. ತಮ್ಮನಿಗೆ ಫೋನಿನಲ್ಲಿ ಅಂದುಬಿಟ್ಟಿದ್ದರು: ನಿನ್ನ ಆ ಎರಡು ವರ್ಷದ ಯೂನಿಫಾರ್ಮು ಅಮ್ಮನ ದಾರಿಗೆ ಅಡ್ಡ ಬಂತು, ದುಡ್ಡು ಕೊಟ್ಟಾದರೂ, ದೇಶ ಬಿಟ್ಟಾದರೂ ನೀನು ತಪ್ಪಿಸಿಕೊಳ್ಳಬೇಕಿತ್ತು. ತಮ್ಮ ಫೋನನ್ನು ತಾಯಿಗೆ ಕೊಟ್ಟು ಎದ್ದು ಹೋದ. ಆಮೇಲೆ ಅಕ್ಕನೊಡನೆ ಮಾತು ಬಿಟ್ಟ.

"ನಾನು ಹೇಳಿದ್ದು ಕ್ರೂರ ಅಂತ ಗೊತ್ತು. ಆದ್ರೆ ನಿಜ ತಾನೇ?" ಎಂದು ನನ್ನನ್ನೇ ಕೇಳಿದರು.

ಇಮೇಲಿನ ಪ್ರತಿ ನನ್ನ ಕೈಗೆ ಒಂದು ಗೇಣು ದೂರದ ಡ್ರಾಯರಿನಲ್ಲಿತ್ತು. ನಾನು ಟಿಶ್ಯೂ ಡಬ್ಬಿಯನ್ನು ಅವರ ಕಡೆ ಸರಿಸಿದೆ. "ಸರ್ಕಾರದ ಕೆಲಸ, ಕಾರಣ ಹೇಳೋಕಾಗಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

ನೋಂದಣಿ ಕಚೇರಿಗೆ ಅಲೆದು ಉದ್ಧರಣ ತಂದವನು ಅದೇ ತಮ್ಮ. ಅಕ್ಕನಿಗೆ ಮಾತಿಲ್ಲ, ಕಾಗದ ಮಾತ್ರ ಬಂತು. ಭಾಷಾಂತರ ಮಾಡಿಸಿ, ಮೊಹರು ಹಾಕಿಸಿ, ಒಂದೊಂದು ಪುಟವನ್ನೂ ನೆಟ್ಟಗೆ ಸ್ಕ್ಯಾನ್ ಮಾಡಿ ಕಳಿಸಿದ್ದ. ಹತ್ತು ವರ್ಷದ ಕೆಲಸದಲ್ಲಿ ಅಷ್ಟು ಅಚ್ಚುಕಟ್ಟಾದ ಸ್ಕ್ಯಾನನ್ನು ನಾನು ನೋಡಿರಲಿಲ್ಲ. ಅದನ್ನು ಮುಂದಕ್ಕೆ ಕಳಿಸಿ ಕಾದೆವು. ಒಂದು ತಿಂಗಳು, ಎರಡು ತಿಂಗಳು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಮಾತ್ರ. ಅಷ್ಟರಲ್ಲಿ ಹೊಸ ಸರ್ಕಾರಿ ಆದೇಶ ಬಂತು. ಇರಾನಿನವರಿಗೆ ವೀಸಾ ಬಂದ್, ಅಮೆರಿಕದ ನಾಗರಿಕರ ತಂದೆತಾಯಿಗೂ ಸಹ.

ಆ ಸುದ್ದಿ ಓದಿದಾಗ ನನಗೆ ಮೊದಲು ಆದದ್ದು ಏನು ಎಂದು ಬರೆಯಲೇಬೇಕು. ಸಮಾಧಾನವಾಯಿತು. ಇನ್ನು ಎಲ್ಲರೂ ಆದೇಶವನ್ನೇ ಬೈಯುತ್ತಾರೆ, ಡಿಸೆಂಬರ್ ಸೆಪ್ಟೆಂಬರಿನ ಗೊಡವೆ ಯಾರಿಗೂ ಇರುವುದಿಲ್ಲ ಎನಿಸಿತು. ಒಂದು ಗಂಟೆ ಕಳೆದ ಮೇಲೆ ನನ್ನ ಬಗ್ಗೆ ನನಗೇ ಅಸಹ್ಯ ಹುಟ್ಟಿತು. ನನ್ನ ತಪ್ಪಿನಿಂದ ಕಳೆದ ತಿಂಗಳುಗಳು ಉಳಿದಿದ್ದರೆ ಆದೇಶ ಬರುವ ಮೊದಲೇ ಆ ತಾಯಿ ಹ್ಯಾರಿಸನ್ನಿನ ಅಡುಗೆಮನೆಯಲ್ಲಿ ನಿಂತು ಮಗಳನ್ನು ಬೈಯುತ್ತಿರಬಹುದಿತ್ತು.

ಇಷ್ಟಾದರೂ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಬಿಡಿಸಿದ್ದು ಇನ್ನೊಂದು ಅಫಿಡವಿಟ್.

ಆದೇಶಕ್ಕೆ ವಿನಾಯಿತಿ ಸಿಗಬಹುದು ಎಂಬ ಆಸೆಯಿಂದ ಮಗಳು ಬಂದರು. ಈ ಸಲ ಅಳಲಿಲ್ಲ. "ನನ್ನ ತಮ್ಮ ಅಮ್ಮನ ಕೈಲಿ ಹೇಳಿ ಕಳಿಸಿದ್ದಾನೆ. ತನಗೂ ಅಮ್ಮನಿಗೂ ಸಂಬಂಧ ಇಲ್ಲ, ಎಷ್ಟೋ ವರ್ಷದಿಂದ ಬೇರೆ ಇದ್ದೀನಿ, ಮುಂದೆಯೂ ಸಂಪರ್ಕ ಇಟ್ಟುಕೊಳ್ಳಲ್ಲ ಅಂತ ಅಫಿಡವಿಟ್ ಕೊಡ್ತಾನಂತೆ. ಅದರಿಂದ ಅಮ್ಮನ ಫೈಲು ಸ್ವಚ್ಛ ಆಗುತ್ತಾ? ನೀವೇ ಬರೆದುಕೊಡಿ, ಅವನು ಸಹಿ ಹಾಕಿ ಕಳಿಸ್ತಾನೆ."

ಬರೆಯುತ್ತೇನೆ ಎಂದೆ. ಅವರು ಹೋದ ಮೇಲೆ ಕಂಪ್ಯೂಟರಿನಲ್ಲಿ ಹಳೆಯ ನಮೂನೆ ತೆರೆದೆ. ‘ಈ ಮೂಲಕ ಪ್ರಮಾಣ ಮಾಡುವುದೇನೆಂದರೆ’ ಎಂಬಲ್ಲಿಯವರೆಗೆ ಇಂಗ್ಲಿಷಿನಲ್ಲಿ ಅದೇ ಇರುತ್ತದೆ. ಮುಂದಿನ ಸಾಲಿಗೆ ಬೆರಳು ಹೋಗಲಿಲ್ಲ. ಮಂಡಿ ನೋವಿನ ತಾಯಿಯನ್ನು ಬಸ್ಸಿನಲ್ಲಿ ಎರಡು ದಿನ ಕರೆದೊಯ್ದವನು, ಆಕೆಗೂ ತನಗೂ ಸಂಬಂಧವಿಲ್ಲ ಎಂದು ಪ್ರಮಾಣ ಮಾಡಬೇಕು. ಮಾಡಿಸುವವಳು ನಾನು. ಕಾರಣವೂ ನಾನೇ. ಅದನ್ನು ಬರೆಯಲು ನನ್ನಿಂದ ಆಗಲಿಲ್ಲ.

ವಕೀಲರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ, ಈಗ ಆರ್ಡರ್ ಬಂದಾಗಿದೆ. ನಿನ್ನ ಮಿಸ್ಟೇಕ್ ಇರ್ಲಿ, ಇಲ್ದೇ ಇರ್ಲಿ, ರಿಸಲ್ಟ್ ಒಂದೇ. ಹೋಗಿ ಹೇಳಿದ್ರೆ ಅವರಿಗೇನು ಸಿಗುತ್ತೆ? ನಮಗೆ ಮಾತ್ರ ಮಾಲ್‌ಪ್ರಾಕ್ಟೀಸ್ ಕೇಸು."

"ಸರ್, ತಪ್ಪು ಆಗಿರಲಿಲ್ಲಂದ್ರ ಆರ್ಡರ್ ಬರೂಕಿಂತ ಮೊದಲ ವೀಸಾ ಬರ್ತಿತ್ತು."

"ಬರ್ತಿತ್ತು ಅಂತ ಪ್ರೂವ್ ಮಾಡು ನೋಡೋಣ. ಯಾರಿಗೆ ಗೊತ್ತು? ಬೇರೆ ಇನ್ನೇನಾದ್ರೂ ತಗಾದೆ ತೆಗೀತಿದ್ರು." ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಆ ಫಾರ್ಮ್ ಮೇಲೆ ನನ್ನ ಸಹಿನೂ ಇದೆ. ನಾನೂ ನೋಡ್ಲಿಲ್ಲ. ಆ ತಮ್ಮನ ಅಫಿಡವಿಟ್ ಬೇಡ, ಅದು ಸುಳ್ಳು, ನಾನು ಫೈಲ್ ಮಾಡಲ್ಲ. ಬೇಡ ಅಂತ ಅವರಿಗೆ ಹೇಳ್ಬಿಡು. ಯಾಕೆ ಅಂತ ಹೇಳೋ ಅವಶ್ಯಕತೆ ಇಲ್ಲ."

ಅವರು ಕೆಟ್ಟವರಲ್ಲ. ಹೇಳಿದ್ದರಲ್ಲಿ ಕಾನೂನಿನ ದೃಷ್ಟಿಯಿಂದ ಸುಳ್ಳೂ ಇರಲಿಲ್ಲ. ನನಗೂ ಆ ದಾರಿ ಎಷ್ಟು ಹಿತವಾಗಿತ್ತೆಂದರೆ ಎರಡು ದಿನ ಅದನ್ನೇ ಹಿಡಿದುಕೊಂಡು ಕುಳಿತೆ.

ಆ ಶನಿವಾರ ಗಂಡನ ಜೊತೆ ಫ್ಲಶಿಂಗಿನ ಗಣಪತಿ ದೇವಸ್ಥಾನಕ್ಕೆ ಹೋದೆ. ಹ್ಯಾರಿಸನ್ನಿನಿಂದ ರೈಲಿನ ಮೇಲೆ ರೈಲು ಬದಲಿಸಿ ಹೋಗುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ದರ್ಶನ ಮುಗಿಸಿ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ಇಟ್ಟುಕೊಂಡು ಕುಳಿತೆವು.

"ಏನಾಗೇದ ನಿನಗ? ದೋಸಿ ಆರ್ಲಿಕ್ಕತ್ತದ" ಎಂದ ಗಂಡ.

ಅಷ್ಟು ತಿಂಗಳು ಅವನಿಗೂ ಹೇಳಿರಲಿಲ್ಲ. ಅಕ್ಕಪಕ್ಕದ ಗದ್ದಲದಲ್ಲಿ ಎಲ್ಲವನ್ನೂ ಹೇಳಿದೆ. ಅವನು ಇಂಜಿನಿಯರ್, ಮಾತು ಕಡಿಮೆ. ಪೂರ್ತಿ ಕೇಳಿದ.

"ಫಾರ್ಮಿನ್ಯಾಗ ತಪ್ಪು ಬರದದ್ದು ಒಂದು ಮಾತು. ಅದು ಕೆಲಸದಾಗ ಆಗೇದ, ಮುಗದದ. ಆ ಹುಡುಗಗ ಬೈಸಲಿಕ್ಕತ್ತಿದ್ದು ಇನ್ನೊಂದು ಮಾತು. ಅದನ್ನ ನೀ ದಿನಾ ಮಾಡ್ಲಿಕ್ಕತ್ತೀ."

"ಕೆಲಸ ಹೋದ್ರ?"

"ಹೋಗಬಹುದು. ಇಲ್ಲ ಅಂತ ನಾ ಹ್ಯಾಂಗ ಹೇಳ್ಲಿ? ಆದ್ರ ಮೂರ್ನಾಲ್ಕು ತಿಂಗಳಾತು, ನೀ ನನ್ನ ಜೋಡಿ ಮುಖ ಕೊಟ್ಟು ಮಾತಾಡಿಲ್ಲ. ನಾ ಏನರ ಮಾಡೇನೇನು ಅಂತ ಚಿಂತಿ ಹತ್ತಿತ್ತು ನನಗ."

ಇವನೂ ತನ್ನದೇ ತಪ್ಪೇನೋ ಎಂದು ಕೊರಗುತ್ತಿದ್ದ ಎಂದು ತಿಳಿದಾಗ ದೋಸೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅಲ್ಲಿಂದಲೇ ಮಗಳಿಗೆ ಮೆಸೇಜು ಮಾಡಿದೆ, ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ ಎಂದು.

ಆಮೇಲೆ ಕಚೇರಿಯಲ್ಲಿ ಆದದ್ದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ, ಅದು ದೊಡ್ಡದೇನಲ್ಲ. ಸೋಮವಾರ ವಕೀಲರಿಗೆ ನಾನೇ ತಿಳಿಸಿದೆ. ಅವರು ಬೈಯಲಿಲ್ಲ, ತಿಂಗಳ ಕೊನೆಗೆ ಬೇರೆ ಕೆಲಸ ನೋಡಿಕೋ ಎಂದರು. ಮಗಳು ಫೈಲನ್ನು ಇನ್ನೊಬ್ಬ ವಕೀಲರಿಗೆ ಒಯ್ದರು. ದಾವೆ ಹಾಕಲಿಲ್ಲ. ನಾನು ಈಗ ಬೇರೆ ಕಚೇರಿಯಲ್ಲಿ ಅದೇ ಕೆಲಸ ಮಾಡುತ್ತೇನೆ. ತಾಯಿ ಈಗಲೂ ಇಸ್ಫಹಾನಿನಲ್ಲೇ ಇದ್ದಾರೆ.

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋದೆ. ಅಷ್ಟು ವರ್ಷಗಳಲ್ಲಿ ಎಷ್ಟೋ ಸಲ ಕರೆದಿದ್ದರು, ಹೋಗಿದ್ದು ಅದೇ ಮೊದಲು. ಅವರು ನನ್ನನ್ನು ಮೊದಲು ಕರೆದೊಯ್ದದ್ದು ತಾಯಿಗೆಂದು ಇಟ್ಟಿದ್ದ ಕೋಣೆಗೆ. ಮಂಡಿಗೆ ಸುಲಭವಾಗಲೆಂದು ಕಾಲು ಕತ್ತರಿಸಿ ತಗ್ಗು ಮಾಡಿದ ಮಂಚ. ಕಿಟಕಿಯಲ್ಲಿ ಜಿರೇನಿಯಂ ಕುಂಡಗಳು. ಗೋಡೆಯ ಒಂದು ಮೂಲೆಯಲ್ಲಿ ಹಸಿರು ಟೇಪಿನ ತುಂಡು.

"ಅದು ಮೆಕ್ಕಾದ ದಿಕ್ಕು. ನಾನು ನಮಾಜ್ ಮಾಡಲ್ಲ, ಅಮ್ಮನಿಗೆ ಬೇಕು. ಫೋನಿನ ಕಂಪಾಸ್ ನೋಡಿ ಅಂಟಿಸಿದೆ" ಎಂದರು. ಗಾಜಿನ ಲೋಟದಲ್ಲಿ ಕೆಂಪು ಚಹಾ, ಪಕ್ಕದಲ್ಲಿ ಸಕ್ಕರೆ ಅಚ್ಚು ತಂದಿಟ್ಟರು. "ಅಫಿಡವಿಟ್ ತಂದ್ರಾ?"

"ಇಲ್ಲ. ಅದು ಬೇಕಾಗಿಲ್ಲ" ಎಂದೆ. ಕಚೇರಿಯಲ್ಲಿ ವಿವರಿಸುವ ಹಾಗೆ ಕ್ರಮವಾಗಿ ಹೇಳಿದೆ. ಮೊದಲ ಫಾರ್ಮಿನಲ್ಲಿ ಏನು ಬರೆದೆ, ಅಫಿಡವಿಟ್ ಯಾವ ಸಂದರ್ಭಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ, ಎರಡನೆಯ ಅರ್ಜಿಯಲ್ಲಿ ಏನು ಬಂತು. ಇಮೇಲಿನ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿದರು.

"ಹಾಗಾದ್ರೆ ನನ್ನ ತಮ್ಮ ಅಲ್ಲ?"

"ಅಲ್ಲ."

"ಅವನ ಸೈನ್ಯ ಅಲ್ಲ?"

"ಅದರ ಮಾತೇ ಇಲ್ಲ ಇದರಲ್ಲಿ."

ಅವರು ನಕ್ಕರು. ಎದೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಒಂದು ಕ್ಷಣ ಎಲ್ಲ ಸರಿಹೋಯಿತು ಎಂದು ನನಗೂ ಅನಿಸಿತು. ಆಮೇಲೆ ಅವರ ಕಣ್ಣು ಕಾಗದದ ಮೇಲ್ತುದಿಗೆ, ಇಮೇಲ್ ಬಂದ ದಿನಾಂಕಕ್ಕೆ ಹೋಯಿತು.

"ಇದು ಬಂದು ನಾಲ್ಕು ತಿಂಗಳಾಗಿದೆ."

"ಹೌದು."

"ನಾನು ನಿಮ್ಮ ಟೇಬಲ್ ಮುಂದೆ ಕೂತು ಅತ್ತೆನಲ್ಲ, ಆಗ ಇದು ನಿಮ್ಮ ಹತ್ರ ಇತ್ತಾ?"

"ಇತ್ತು."

ಅವರು ಕಾಗದವನ್ನು ಮಡಿಸಿ ಚಹಾ ಲೋಟದ ಪಕ್ಕದಲ್ಲಿಟ್ಟರು. "ಲ್ಯಾಬಲ್ಲಿ ನನ್ನಿಂದಲೂ ತಪ್ಪಾಗುತ್ತೆ. ಎಲ್ಲರಿಂದಲೂ ಆಗುತ್ತೆ. ನಾವು ಅದನ್ನ ಬರೆದಿಡ್ತೀವಿ, ಅದೇ ದಿನ. ಯಾಕಂದ್ರೆ ಮುಂದಿನವರು ಆ ತಪ್ಪಿನ ಮೇಲೇ ಕೆಲಸ ಮಾಡ್ತಾ ಹೋಗ್ತಾರೆ." ದನಿ ಏರಿಸಲಿಲ್ಲ. "ಅದೇ ದಿನ" ಎಂದು ಇನ್ನೊಮ್ಮೆ ಹೇಳಿದರು.

ಫೋನ್ ತೆಗೆದುಕೊಂಡು ತಮ್ಮನಿಗೆ ಕರೆ ಮಾಡಿದರು. ಅಲ್ಲಿ ಆಗ ಸಂಜೆ. ಎರಡು ಸಲ ಅವನು ಎತ್ತಲಿಲ್ಲ. ಮೂರನೆಯ ಸಲ ಎತ್ತಿದ. ಇವರು ಫಾರ್ಸಿಯಲ್ಲಿ ಒಂದೇ ಉಸಿರಿಗೆ ಏನೇನೋ ಹೇಳಿದರು, ಆ ಕಡೆಯಿಂದ ಒಂದೇ ಒಂದು ಚಿಕ್ಕ ಮಾತು ಬಂತು. ಇವರು ಫೋನನ್ನು ನನ್ನ ಕೈಗೆ ಕೊಟ್ಟರು.

"ಸಮಾಧಾನಕ್ಕೆ ಕಥೆ ಕಟ್ಟುತ್ತಿದ್ದೀನಿ ಅಂದ್ಕೊಂಡಿದ್ದಾನೆ. ನೀವೇ ಹೇಳಿ."

ತೆಳ್ಳನೆಯ ಮುಖ, ಗಡ್ಡದಲ್ಲಿ ನರೆ. ಹಿಂದಿನ ಗೋಡೆಯ ಮೇಲೆ ಮಕ್ಕಳ ಶಾಲೆಯ ಚೀಲಗಳು ನೇತಾಡುತ್ತಿದ್ದವು. ಅದು ನನ್ನ ತಪ್ಪು, ದಿನಾಂಕ ತಪ್ಪಾಗಿ ಬರೆದದ್ದು ನಾನು, ಅದಕ್ಕೆ ನಿಮ್ಮ ತಾಯಿಯ ವೀಸಾ ನಿಂತಿತು, ನಿಮ್ಮ ಸೈನ್ಯದಿಂದಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಪ್ಲೀಸ್ ಮೇಡಂ. ಒನ್ ಮೋರ್ ಟೈಮ್. ಸ್ಲೋಲಿ" ಎಂದ.

ಒಂದೊಂದೇ ಶಬ್ದ ಬಿಡಿಸಿ ಮತ್ತೆ ಹೇಳಿದೆ. ಅವನ ತುಟಿಗಳು ಆ ಶಬ್ದಗಳನ್ನು ನನ್ನ ಜೊತೆಗೇ ಆಡುತ್ತಿದ್ದವು. ಮುಗಿದ ಮೇಲೆ ಕೈಯಿಂದ ಮುಖ ಒರೆಸಿಕೊಂಡ.

"ಐ ಕ್ಯಾನ್ ಟೆಲ್ ಮೈ ಮದರ್?"

ಆ ತಾಯಿಯೂ ಇಷ್ಟು ದಿನ ಮಗನನ್ನೇ ಕಾರಣವೆಂದು ನಂಬಿದ್ದರು ಎಂದು ನನಗೆ ಆಗ ತಿಳಿಯಿತು. ಒಂದೇ ಮನೆಯಲ್ಲಿ ಇದ್ದುಕೊಂಡು, ಅವನ ಕೈಯ ರೊಟ್ಟಿ ತಿಂದುಕೊಂಡು.

"ಹೇಳಿ" ಎಂದೆ.

"ಥ್ಯಾಂಕ್ ಯೂ ಮೇಡಂ. ಥ್ಯಾಂಕ್ ಯೂ. ಥ್ಯಾಂಕ್ ಯೂ ವೆರಿ ಮಚ್" ಎಂದು ಎದೆಗೆ ಕೈಯಿಟ್ಟು ತಲೆ ಬಾಗಿಸಿದ.

ಮಗಳು ಫೋನನ್ನು ವಾಪಸು ತೆಗೆದುಕೊಂಡರು. ಬಾಗಿಲವರೆಗೆ ಬಂದು, ನಾನು ಬೂಟು ಹಾಕಿಕೊಳ್ಳುವವರೆಗೆ ಮರ್ಯಾದೆಯಿಂದ ನಿಂತಿದ್ದರು. ಫೋನಿನ ಒಳಗಿಂದ ಮುದುಕಿಯ ದನಿ ಕೇಳುತ್ತಿತ್ತು, ಮಗನ ಹೆಸರನ್ನು ಮತ್ತೆ ಮತ್ತೆ ಕರೆಯುತ್ತಿತ್ತು. ನಾನು ಲಿಫ್ಟಿಗೆ ಹೋಗಿ ಗುಂಡಿ ಒತ್ತಿದೆ. ಕೆಳಗಿಳಿಯುವಾಗ ನೆನಪು ಮಾಡಿಕೊಂಡೆ. ಫಾರ್ಮು, ಅಫಿಡವಿಟ್, ಇಮೇಲ್, ತಪ್ಪು ಯಾರದು ಎಂಬುದು, ಎಲ್ಲವನ್ನೂ ಅಕ್ಕನಿಗೂ ತಮ್ಮನಿಗೂ ಕ್ರಮವಾಗಿ ಹೇಳಿದ್ದೆ. ಕ್ಷಮಿಸಿ ಎಂಬ ಒಂದು ಮಾತನ್ನು ಇಬ್ಬರಲ್ಲಿ ಯಾರಿಗೂ ಹೇಳಿರಲಿಲ್ಲ.